ಬೆಸುಗೆ ಹಾಕದ ಜಾಯಿಂಟು

ಭಾವ,

ನಿಮ್ಮ ಬಾಮೈದ ಶಿವು ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡಿ. ಸತ್ಯಮಂಗಲದ ನಮ್ಮ ಅಂಗಡಿಯಲ್ಲೇ ಕೂತು, ನೀವು ವೈರಿಂಗ್ ಚಿತ್ರ ಬರೆಯುತ್ತಿದ್ದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಒಂದು ವರ್ಷದಿಂದ ಬಾಯಲ್ಲಿ ಬಾರದ್ದು ಪೆನ್ನಿನಲ್ಲಾದರೂ ಬರುತ್ತದೇನೋ ಅಂತ.

ನಾನು ಮೊದಲ ಸಲ ಹೊಸ ಮಾದರಿ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿದ ದಿನ ನೆನಪಿದೆಯಾ? ಹಳೇ ಅಭ್ಯಾಸ, ಲೈಟಿಗೊಂದು, ಹಾರನ್ನಿಗೊಂದು ವೈರು ಹುಡುಕುತ್ತಿದ್ದೆ. ಸಿಕ್ಕಿದ್ದು ಹುರಿ ಹಾಕಿದ ಎರಡೇ ಎರಡು ಎಳೆ. ಇಂಜಿನ್ನು, ಬ್ರೇಕು, ಸ್ಟೀರಿಂಗು, ಎಲ್ಲಕ್ಕೂ ಒಂದೊಂದು ಪುಟ್ಟ ಕಂಪ್ಯೂಟರ್ ಇದೆ, ಎಲ್ಲರ ಮಾತೂ ಈ ಎರಡು ಎಳೆಯ ಮೇಲೇ ಓಡಾಡುತ್ತದೆ ಅಂದಿರಿ. ನಾನು ನಂಬಲಿಲ್ಲ. ಎಲ್ಲರೂ ಒಂದೇ ತಂತಿಯಲ್ಲಿ ಮಾತಾಡಿದರೆ ಸಂತೆಯಾಗುವುದಿಲ್ಲವೇ?

"ಚೇಳೂರು ಬಸ್ಸಲ್ಲಿ ಕಂಡಕ್ಟ್ರು ಸ್ಟಾಪ್ ಹೆಸ್ರು ಕೂಗಲ್ವೇನ್ಲಾ? ಎಲ್ರಿಗೂ ಕೇಳ್ಸುತ್ತೆ, ಇಳಿಯೋನು ಮಾತ್ರ ಏಳ್ತಾನೆ," ಅಂದಿರಿ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಮುಖ್ಯವಾದ ಮಾತಿಗೆ ದಾರಿ ಬಿಟ್ಟು ಇನ್ನೊಬ್ಬ ಸುಮ್ಮನಾಗುತ್ತಾನೆ ಅಂತಲೂ ಹೇಳಿದಿರಿ. ಅಕ್ಕ ಮಾತಾಡುವಾಗ ನೀವು ಸುಮ್ಮನಾಗುವ ಹಾಗಾ ಅಂತ ಕೇಳಿದ್ದಕ್ಕೆ ನನ್ನ ಮೇಲೆ ಸ್ಪ್ಯಾನರ್ ಎತ್ತಿದ್ದಿರಿ. ಆಮೇಲೆ ಬ್ಯಾಟರಿ ಬಿಚ್ಚಿಸಿ, ಆ ಎರಡು ಎಳೆಗೂ ಮೀಟರ್ ಹಿಡಿಸಿದಿರಿ. ಅರವತ್ತು ಓಮ್ ತೋರಿಸಿತು. ಅರವತ್ತು ಬಂದರೆ ಎರಡು ತುದಿಯೂ ಸರಿಯಾಗಿ ಸೇರಿವೆ, ನೂರಿಪ್ಪತ್ತು ಬಂದರೆ ನಡುವೆ ಎಲ್ಲೋ ಕಿತ್ತಿದೆ, ಇಷ್ಟು ತಿಳಿದರೆ ಅನ್ನ ಹುಟ್ಟುತ್ತೆ ಅಂದಿರಿ. ಹುಟ್ಟಿತು, ನಿಜ.

ಹೋದ ವರ್ಷದ ಆಯುಧಪೂಜೆ. ಕುಣಿಗಲ್‌ನಲ್ಲಿರುವ ನಿಮ್ಮ ತಾಯಿಗೆ ಪುರಿ, ಬೂಂದಿ ಕೊಟ್ಟು ಬರಲು ಹೊರಟಿರಿ. ಕಾರು ಸ್ಟಾರ್ಟೇ ಆಗಲಿಲ್ಲ. ಬಾನೆಟ್ ಎತ್ತಿದರೆ ಇಲಿ ಅದೇ ಎಳೆಗಳನ್ನು ಕಡಿದಿತ್ತು. ನೀವು ಬೆಸುಗೆ ಹಾಕುವ ಐರನ್‌ಗೆ ಕೈ ಚಾಚಿದಿರಿ. ಅದು ಸ್ಪ್ಯಾನರ್, ಮೀಟರ್ ಜೊತೆ ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಬಾಗಿಲಲ್ಲಿದ್ದ ಅಕ್ಕ, ಪೂಜೆಗಿಟ್ಟಿದ್ದನ್ನು ಇವತ್ತೊಂದು ದಿನ ಮುಟ್ಟಬೇಡಿ ಅಂದಳು. ನೀವು ನನ್ನ ಮುಖ ನೋಡಿದಿರಿ. ಬೆಸುಗೆ ಇಲ್ಲದಿದ್ದರೆ ಆಗಲ್ಲಕ್ಕ ಅಂತ ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹಬ್ಬದ ದಿನ ಯಾಕೆ ಜಗಳ ಅಂತ ಹಲ್ಲಲ್ಲೇ ವೈರು ಸುಲಿದು, ಬೆರಳಲ್ಲಿ ತಿರುಚಿ, ಟೇಪು ಸುತ್ತಿದೆ. ಗಾಡಿ ಸ್ಟಾರ್ಟ್ ಆಯಿತು.

"ಜಾಯಿಂಟು ಹಿಡಿಯುತ್ತೇನೋ?" ಅಂದಿರಿ.

"ಹಿಡಿಯುತ್ತೆ ಹೋಗಿ ಭಾವ. ನಾಳೆ ಬೆಸುಗೆ ಹಾಕಿದ್ರಾಯ್ತು."

ಆ ನಾಳೆ...

ಕುಣಿಗಲ್ ರಸ್ತೆಯ ತಿರುವಿನಲ್ಲಿ ಎಳನೀರು ಮಾರುವವನು ಎಲ್ಲವನ್ನೂ ನೋಡಿದ್ದ. ಕಾರು ತಾನಾಗಿ ನಿಂತಿತಂತೆ. ಡ್ಯಾಶ್‌ಬೋರ್ಡಿನಲ್ಲಿ ಇರುವ ಲೈಟೆಲ್ಲ ಹತ್ತಿಕೊಂಡಿವೆ ಅಂತ ನೀವು ಅವನಿಗೆ ಹೇಳಿದಿರಂತೆ. ಹಿಂದೆ ಬರುವವರಿಗೆ ಕಾಣಲಿ ಅಂತ ಹೊಂಗೆ ಸೊಪ್ಪು ಮುರಿದು ತಂದು ಕಾರಿನ ಹಿಂದೆ ಇಡಲು ಬಗ್ಗಿದ್ದಿರಿ. ಅಷ್ಟರಲ್ಲಿ ಲಾರಿ ಬಂತು. ನೀವು ಕೈಯಲ್ಲಿದ್ದ ಸೊಪ್ಪು ಬಿಟ್ಟಿರಲಿಲ್ಲ ಅಂತ ಅವನು ಹೇಳುವಾಗ ನಾನು ಕಿವಿ ಮುಚ್ಚಿಕೊಂಡೆ.

ನಿಮ್ಮ ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು. ಗಾಡಿ ಯಾಕೋ ನಿಂತಿತು? ಗೊತ್ತಿಲ್ಲ ಅಂದೆ. ಗೊತ್ತಿದ್ದರೂ ಹೇಳಲಾಗುತ್ತಿತ್ತೇ? ಜಾಯಿಂಟು ಬಿಟ್ಟಿತು ಅಂದರೆ, ಬೆಸುಗೆ ಯಾಕೆ ಹಾಕಲಿಲ್ಲ ಅನ್ನುವುದೂ ಹಿಂದೆಯೇ ಬರುತ್ತದೆ. ಅದಕ್ಕೆ ಉತ್ತರ, ಪೂಜೆಗಿಟ್ಟಿದ್ದನ್ನು ಮುಟ್ಟಬೇಡಿ ಅಂದ ಅವಳ ಮಾತೇ.

ಪೊಲೀಸರ ಕಾಗದಪತ್ರ ಮುಗಿದು ಕಾರನ್ನು ಅಂಗಡಿಯ ಹಿಂದೆ ತಂದು ಬಿಟ್ಟರು. ಲಾರಿ ಗುದ್ದಿದ್ದು ಹಿಂಭಾಗಕ್ಕೆ. ಮುಂದೆ ಗೀರೂ ಇರಲಿಲ್ಲ, ನಾವು ಕಟ್ಟಿದ್ದ ಬಾಳೆಕಂದು ಒಣಗಿ ಹಾಗೇ ನಿಂತಿತ್ತು. ಒಂದು ವಾರ ಧೈರ್ಯ ಬರಲಿಲ್ಲ. ಕೊನೆಗೆ ಬ್ಯಾಟರಿ ಬಿಚ್ಚಿ ಮೀಟರ್ ಹಿಡಿದೆ. ನೂರಿಪ್ಪತ್ತು. ಟೇಪು ಬಿಚ್ಚಿದರೆ, ನಾನು ತಿರುಚಿದ್ದ ತಾಮ್ರ ಅಲುಗಾಡಿ ತಿಕ್ಕಿ ಬಿಟ್ಟುಕೊಂಡಿತ್ತು. ಲಾರಿ ಚಾಲಕನಿಗೆ ಎಲ್ಲರೂ ಶಾಪ ಹಾಕುತ್ತಿದ್ದರು. ನಾನೂ ಅವರ ಜೊತೆ ತಲೆಯಾಡಿಸಿದ್ದೇನೆ ಭಾವ. ಇದಕ್ಕಿಂತ ನೀಚತನ ಇನ್ನೇನಿದೆ?

ಮೇಲಿಂದ ಮೇಲೆ ತಪ್ಪು ಮಾತಾಡುವ ಕಂಪ್ಯೂಟರ್ ತಾನಾಗಿ ಲೈನಿನಿಂದ ಹೊರಗಿರುತ್ತದೆ, ಮಿಕ್ಕವರ ಕೆಲಸ ಕೆಡಬಾರದು ಅಂತ, ಅಂದಿದ್ದಿರಿ. ನಾನೂ ಹಾಗೇ ಹೊರಗಿದ್ದೆ. ಅಕ್ಕ ಊಟಕ್ಕೆ ಕರೆದರೆ ಕೆಲಸ ಇದೆ ಅನ್ನುತ್ತಿದ್ದೆ. ಹೋದ ತಿಂಗಳು ಅವಳೇ ಬುತ್ತಿ ಹಿಡಿದು ಅಂಗಡಿಗೆ ಬಂದಳು. ಮುದ್ದೆ ಬಡಿಸಿದಳು. ನನ್ನ ಜಾಯಿಂಟು ಬಿಟ್ಟಿತ್ತಕ್ಕ, ಅದಕ್ಕೇ ಗಾಡಿ ನಿಂತಿದ್ದು ಅಂದೆ. ಅಷ್ಟೇ ಹೇಳಿದೆ. ಪೂಜೆಯ ಮಾತು ಎತ್ತಲಿಲ್ಲ. ಅವಳು ಯಾಕೆ, ಹೇಗೆ ಅಂತ ಕೇಳಲಿಲ್ಲ. ಡಬ್ಬಿ ತೊಳೆದುಕೊಂಡು ಹೋದಳು. ತನ್ನ ಮಾತಿನಿಂದಲೇ ಹೀಗಾಯಿತು ಅನ್ನುವ ನೋವಿನಿಂದ ಅವಳನ್ನು ಉಳಿಸಿದೆ ಅಂದುಕೊಂಡೆ.

ಇವತ್ತು ಮತ್ತೆ ಆಯುಧಪೂಜೆ. ಬೆಳಿಗ್ಗೆ ಅಕ್ಕ ಬಂದು ಮಣೆ ಹಾಕಿ, ಸ್ಪ್ಯಾನರ್, ಮೀಟರ್, ನಿಮ್ಮ ಕನ್ನಡಕ, ಎಲ್ಲ ಸಾಲಾಗಿ ಇಟ್ಟು ಕುಂಕುಮ ಹಚ್ಚಿದಳು. ಕೊನೆಗೆ ಐರನ್ ಕೈಗೆತ್ತಿಕೊಂಡಳು. ಮಣೆಯ ಮೇಲೆ ಇಡಲಿಲ್ಲ. ನನ್ನ ಕೈಗೆ ಕೊಟ್ಟಳು.

"ಇದು ಕೆಳಗಿರ್ಲಿ ಕಣೋ. ಯಾರಾದ್ರೂ ಬಂದ್ರೆ ಬೇಕಾಗುತ್ತೆ."

ಅವಳ ಮುಖ ನೋಡಲು ನನ್ನಿಂದಾಗಲಿಲ್ಲ, ಭಾವ. ಐರನ್ ಪ್ಲಗ್ಗಿಗೆ ಹಾಕಿದ್ದೇನೆ. ಇಲ್ಲಿಯವರೆಗೆ ಯಾರೂ ಬಂದಿಲ್ಲ. ಅಕ್ಕ ಮನೆಗೂ ಹೋಗಿಲ್ಲ, ಅದರ ಪಕ್ಕದಲ್ಲೇ ಕೂತಿದ್ದಾಳೆ.

ಶಿವು