ಸಾಕ್ಷಿ ಹೇಳುವವನ ಬಾಯಿ

ಫೆಬ್ರುವರಿ 11, ರವಿವಾರ. ಮಧ್ಯಾಹ್ನ 1.30

ಆರಾಧನೆ ಮುಗಿಸಿ ಬಂದು ಅನ್ನಕ್ಕಿಟ್ಟೆ. ಸಾರು ನಿನ್ನೆಯದೇ ಇದೆ. ಕುಕ್ಕರ್ ಕೂಗುವ ತನಕ ಬರೆಯುತ್ತೇನೆ, ಇಲ್ಲದಿದ್ದರೆ ಯಾರ ಮೇಲಾದರೂ ಹರಿಹಾಯುತ್ತೇನೆ.

ಸಾರವ್ವ ಇವತ್ತೂ ಎದ್ದಳು. ಇದು ಮೂರನೆಯ ವಾರ. ಸ್ತ್ರೀ ಸಂಘದ ಹಿರಿಯಳು, ಅವಳು ಕೈ ಎತ್ತಿದರೆ ಸಭಾಪಾಲಕರೇ ಸುಮ್ಮನಾಗುತ್ತಾರೆ. ಕಣ್ಣು ಮುಚ್ಚಿ, ದನಿ ಏರಿಸಿ— "ಕರ್ತನೇ, ನಮ್ಮ ಸಮಾಧಾನನ ಮನಿಗೆ ಒಂದು ಕೂಸು ಕೊಡಪ್ಪಾ. ಕಾಂಚನಾನ ಕಲ್ಲಾದ ಮನಸ್ಸು ಕರಗಸಪ್ಪಾ!" ಇಡೀ ಸಭೆ ಆಮೆನ್ ಎಂದಿತು. ನಾನೂ ಎಂದೆ. ಅನ್ನದೆ ಏನು ಮಾಡಲಿ? ಚರ್ಚಿನ ಯುವಜನರ ಹೊಣೆ ಹೊತ್ತ ಯೂಥ್ ವರ್ಕರ್ ನಾನು. ಕೂರುವುದೇ ಮುಂದಿನ ಬೆಂಚಿನಲ್ಲಿ.

ಕಲ್ಲಾದ ಮನಸ್ಸಂತೆ. ನನ್ನ ಹೆಂಡತಿಯ ಮನಸ್ಸಿನ ಸುದ್ದಿ ಇವಳಿಗೆ ಯಾರು ಹೇಳಿದರು?

ನಾನೇ ಹೇಳಿದ್ದು. ಗೊತ್ತು.

ಹೊರಗೆ ಮೆಟ್ಟಿಲ ಮೇಲೆ ನಾಲ್ಕು ಜನ ಹಿಡಿದು ನಿಲ್ಲಿಸಿದರು. "ಅಕ್ಕಾರ ಎಲ್ಲಿ ಅದಾರ? ತಿಂಗಳಾತು, ಕಾಣವಲ್ರು." ಮುಂಡರಗಿಯಲ್ಲಿ ಅತ್ತೆಗೆ ಆರಾಮಿಲ್ಲ ಎಂದೆ. ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಚರ್ಚಿನ ಮೆಟ್ಟಿಲ ಮೇಲೆ ನಿಂತು ಸುಳ್ಳು, ಅದೂ ರವಿವಾರ.

ಕುಕ್ಕರ್ ಕೂಗಿತು.

ಫೆಬ್ರುವರಿ 13, ಮಂಗಳವಾರ. ಬೆಳಿಗ್ಗೆ 6

ಬರೆದೇ ಬಿಡುತ್ತೇನೆ. ಯಾರೂ ಓದುವುದಿಲ್ಲ.

ಲಕ್ಷ್ಮೇಶ್ವರದ ಕ್ಯಾಂಪ್. ಸಂಕ್ರಾಂತಿ ರಜೆ, ಎರಡು ದಿನ, ಎಂಬತ್ತು ಹುಡುಗ-ಹುಡುಗಿಯರು. ಕೊನೆಗೆ ಸಾಕ್ಷಿ ಹೇಳುವ ಹೊತ್ತು. ನಮ್ಮಲ್ಲಿ ಅದೊಂದು ಪದ್ಧತಿ— ದೇವರು ನಿನ್ನ ಬದುಕಿನಲ್ಲಿ ಏನು ಮಾಡಿದನೆಂದು ಎದ್ದು ನಿಂತು ಎಲ್ಲರೆದುರು ಹೇಳಬೇಕು. ಒಬ್ಬರೂ ಏಳಲಿಲ್ಲ. ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತ ಕುಳಿತರು. ಯಾರಾದರೂ ಶುರು ಮಾಡಬೇಕಿತ್ತು. ನಾನು ಎದ್ದೆ.

ಎರಡು ವರ್ಷದ ಹಿಂದೆ, ಐದನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋದ ನಮ್ಮ ಕೂಸಿನ ಬಗ್ಗೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಅಳತೊಡಗಿದಳು. ನನಗೆ ಹುರುಪು ಬಂತು. ಕಾಂಚನಾ ಆಮೇಲೆ ಎಂಟು ತಿಂಗಳು ಪ್ರಾರ್ಥನೆ ಬಿಟ್ಟಿದ್ದಳು ಎಂದೆ. ಚರ್ಚಿಗೆ ಬಂದರೂ ಹಾಡುವಾಗ ಸುಮ್ಮನೆ ತುಟಿ ಆಡಿಸುತ್ತಿದ್ದಳು ಎಂದೆ. ಕೂಸಿಗೆಂದು ಹೊಲಿದ ಕುಂಚಿಗೆಯನ್ನು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದಳು ಎಂದೆ. "ದೇವರ ಮಾರಿ ನೋಡಾಕ ಮನಸ್ಸಿಲ್ರಿ ನನಗ"— ಇದನ್ನು ಅವಳು ನನಗೊಬ್ಬನಿಗೇ ಹೇಳಿದ್ದು. ಅವಳದೇ ದನಿ ತೆಗೆದು ಹೇಳಿದೆ. ಕೊನೆಗೆ ನನ್ನ ಪ್ರಾರ್ಥನೆಯಿಂದ ಅವಳು ಸರಿಹೋದಳು ಎಂದೂ ಸೇರಿಸಿದೆ.

ಎಲ್ಲರೂ ಅತ್ತರು. ಆಮೇಲೆ ಹನ್ನೊಂದು ಜನ ಎದ್ದು ಸಾಕ್ಷಿ ಹೇಳಿದರು. ಯಾರೋ ವಿಡಿಯೋ ಮಾಡಿ ಸಭೆಯ ಗ್ರೂಪಿಗೆ ಹಾಕಿದರು. ಕ್ಯಾಂಪ್ ಸಕ್ಸೆಸ್.

ಕಾಂಚನಾ ಹಿಂದುಗಡೆ, ಅಡುಗೆಯ ಹೆಂಗಸರ ಜೊತೆ ನಿಂತಿದ್ದಳಂತೆ. ನಾನು ಆ ಕಡೆ ನೋಡಲಿಲ್ಲ. ಬಸ್ಸಿನಲ್ಲಿ ಬೆಟಗೇರಿಯ ಮನೆಗೆ ಬಂದೆವು. ಮೂರನೇ ದಿನ ಬ್ಯಾಗು ಹಿಡಿದು ತವರಿಗೆ ಹೊರಟಳು. ಎಷ್ಟು ದಿನ ಎಂದೆ. "ನೋಡೂಣ್ರಿ" ಎಂದಳು.

ಏನು ತಪ್ಪು ಹೇಳಿದೆ ನಾನು? ಅದರಲ್ಲಿ ಒಂದಾದರೂ ಸುಳ್ಳಿತ್ತೇ? ನನಗೂ ಅದು ಕೂಸಲ್ಲವೇ? ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಗೋಡೆಗೆ ಕೇಳುತ್ತೇನೆ. ಪಕ್ಕದ ಮನೆಯ ಮಗ್ಗ ಆಗಲೇ ಖಟಖಟ ಶುರು ಮಾಡಿದೆ. ಅದರ ಮೇಲೂ ಸಿಟ್ಟು.

ಫೆಬ್ರುವರಿ 17, ಶನಿವಾರ. ಸಂಜೆ

ಮುಂಡರಗಿಗೆ ಹೋಗಿ ಬಂದೆ. ಹೋಗಿ ಬರಲು ಅರ್ಧ ದಿನ, ಆಡಿದ್ದು ನಾಲ್ಕು ಮಾತು. ಅತ್ತೆ ಎಸ್ತೇರವ್ವ ಚಹಾ ಕೊಟ್ಟರು. ಕಾಂಚನಾ ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ. ಬಾಗಿಲ ಹಿಂದಿನಿಂದಲೇ— "ಈಗ ಬರೂದಿಲ್ರಿ. ಒತ್ತಾಯ ಮಾಡಬ್ಯಾಡ್ರಿ."

"ಒಂದ ತಿಂಗಳಾತು! ನಾ ಏನ್ ಕಳವು ಮಾಡೀನೇನು?"

"ಹೌದ್ರಿ."

ಹೌದಂತೆ! ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಅವಳೇ ಬರಲಿ ಇನ್ನು. ನಾನಂತೂ ಆ ಬಸ್ಸು ಹತ್ತುವುದಿಲ್ಲ.

ಫೆಬ್ರುವರಿ 22, ಗುರುವಾರ. ಸಂಜೆ 7

ಅಂಬರೀಶ ಮತ್ತು ಮಂಜುಳಾಗೆ ಮದುವೆ ಪಾಠ. ಏಪ್ರಿಲ್ ಕೊನೆಗೆ ಲಗ್ನ. ಸಭೆಯಲ್ಲಿ ಮೂರು ರವಿವಾರ ಅವರ ಹೆಸರು ಓದುವ ಮೊದಲು ನನ್ನ ಹತ್ತಿರ ಮೂರು ಪಾಠ ಆಗಬೇಕು, ಅದು ನಿಯಮ. ಹೆಂಡತಿ ಬಿಟ್ಟು ಹೋದವನು ಮದುವೆ ಕಲಿಸುತ್ತಿದ್ದಾನೆ. ನಗು ಬರುವುದಿಲ್ಲ ನನಗೆ.

ಇವತ್ತಿನ ಪಾಠ— ಗಂಡ ಹೆಂಡತಿ ನಡುವೆ ಮುಚ್ಚುಮರೆ ಇರಬಾರದು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಮಂಜುಳಾ ಕೈ ಎತ್ತಿದಳು.

"ಅಣ್ಣಾರ, ಎಲ್ಲಾ ಹೇಳಬೇಕೇನ್ರಿ?"

"ಎಲ್ಲಾ."

"ಹಂಗಾರ ನಾ ಇವ್ರಿಗೆ ಹೇಳಿದ್ದು ಮುಂದ ಕ್ಯಾಂಪಿನ್ಯಾಗ ಸಾಕ್ಷಿ ಆಗತೈತೇನ್ರಿ?"

ಅಂಬರೀಶ ಅವಳ ಮೊಣಕೈ ತಿವಿದ. ಅವಳು ನಿಲ್ಲಿಸಲಿಲ್ಲ. "ಆವತ್ತ ಅಕ್ಕಾರ ಕೈಯಾಗಿನ ರೊಟ್ಟಿ ಬುಟ್ಟಿ ಬಿತ್ರಿ. ನಾನಾ ಆರಿಸಿ ಕೊಟ್ಟೆ."

"ನೀ ಪಾಠ ಕೇಳಾಕ ಬಂದಿಯೋ, ಹೇಳಾಕ ಬಂದಿಯೋ?" ಎಂದು ಒದರಿದೆ. ಕ್ಲಾಸ್ ಅಲ್ಲಿಗೇ ಮುಗಿಸಿದೆ. ಇಪ್ಪತ್ತೆರಡು ವರ್ಷದ ಹುಡುಗಿ. ಅವಳ ಬಾಯಿ ಮುಚ್ಚಿಸಿದೆ, ದೊಡ್ಡ ಶೂರ ನಾನು.

ಬುಟ್ಟಿ ಬಿದ್ದದ್ದನ್ನು ನನಗೆ ಯಾರೂ ಹೇಳಿರಲಿಲ್ಲ.

ಮಾರ್ಚ್ 31, ಈಸ್ಟರ್. ಬೆಳಿಗ್ಗೆ 8

ಐದು ವಾರ ಏನೂ ಬರೆಯಲಿಲ್ಲ. ಬರೆಯಲು ಏನಿತ್ತು? ಫೋನ್ ಮಾಡಿದರೆ ಅವಳು "ಹ್ಞೂಂ", "ಆತು", "ಆರಾಮ ಅದೀನಿ". ಬಾ ಎಂದು ನಾನು ಕೇಳಲಿಲ್ಲ. ಬರುತ್ತೇನೆಂದು ಅವಳು ಹೇಳಲಿಲ್ಲ.

ಇವತ್ತು ಬೆಳಗಿನ ಆರಾಧನೆ ಸಮಾಧಿಗಳ ನಡುವೆ, ಪ್ರತಿವರ್ಷದಂತೆ. ಎಲ್ಲರೂ ತಮ್ಮ ತಮ್ಮವರ ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚಿದ್ದರು. ನಾನು ಯಾರದೋ ಅಜ್ಜನ ಕಲ್ಲಿನ ಹತ್ತಿರ ಗಿಟಾರ್ ಹಿಡಿದು ನಿಂತಿದ್ದೆ. ಹಾಡಿಸುವುದು ನನ್ನ ಕೆಲಸ. ನಮ್ಮ ಕೂಸಿಗೆ ಸಮಾಧಿಯೇ ಇಲ್ಲ. ನರ್ಸ್ ಒಂದು ಬಟ್ಟೆಯಲ್ಲಿ ಸುತ್ತಿ ಒಯ್ದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕಾಂಚನಾ ಕೇಳಿದ್ದಳು, ನನ್ನನ್ನು, ಎಷ್ಟೋ ಸಲ.

ಸ್ವಾಮಿ, ನಿನ್ನ ಮೇಲೆ ನನಗೆ ಬಹಳ ಸಿಟ್ಟಿದೆ. ಎರಡು ವರ್ಷದಿಂದ ಇದೆ. ಸಾಕ್ಷಿಯಲ್ಲಿ ಅದನ್ನು ಹೇಳಲಿಲ್ಲ. ಸಿಟ್ಟಾದವಳು ಅವಳು, ಗೆದ್ದವನು ನಾನು ಎಂದು ಹೇಳಿದೆ. ಅವಳು ಎಂಟು ತಿಂಗಳು ನಿನ್ನ ಜೊತೆ ಮಾತು ಬಿಟ್ಟಳು, ಖರೆ. ನಾನು ಎರಡು ವರ್ಷ ಮಾತಾಡಿದೆ, ಒಂದೂ ಮನಸ್ಸಿನಿಂದ ಬರಲಿಲ್ಲ. ಒಂದು ಸುಳ್ಳೂ ಇರಲಿಲ್ಲ ಎಂದು ಫೆಬ್ರುವರಿಯಲ್ಲಿ ಬರೆದಿದ್ದೇನೆ. ಇತ್ತು.

ಏಪ್ರಿಲ್ 20, ಶನಿವಾರ. ಮಧ್ಯಾಹ್ನ 3, ಮುಂಡರಗಿ ಬಸ್ ಸ್ಟ್ಯಾಂಡ್

ಗದಗ ಬಸ್ಸು ಬರಲಿಲ್ಲ ಇನ್ನೂ.

ತಪ್ಪಾಯಿತು ಎಂದು ಹೇಳಲು ಹೋಗಿದ್ದೆ. ಮುಂಚೆ ಫೋನ್ ಮಾಡಲಿಲ್ಲ. ಬಾಗಿಲು ತೆಗೆದವಳು ಕಾಂಚನಾ. ಹೊಸ ಹಸಿರು ಸೀರೆ, ಎರಡೂ ಕೈ ತುಂಬ ಹಸಿರು ಬಳೆ. ಸೆರಗಿನ ಕೆಳಗೆ ಹೊಟ್ಟೆ.

ಕುಬಸ ಮಾಡಿದ್ದಾರೆ. ಬಸುರಿಗೆ ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕುಬಸ. ಬಾಗಿಲು ಹಾಕಿಕೊಂಡು ಐದೇ ಹೆಂಗಸರಂತೆ. ಗಂಡನಿಗೇ ಗೊತ್ತಿಲ್ಲದ ಕುಬಸ ಎಲ್ಲಾದರೂ ಕೇಳಿದ್ದೀರಾ?

"ಎಷ್ಟು?" ಎಂದೆ.

"ಐದು ತುಂಬ್ಯಾವು ನಿನ್ನೆಗೆ."

ಒದರಿದೆ. ಏನೇನು ಒದರಿದೆನೋ ನೆನಪಿಲ್ಲ. ನನ್ನ ಕೂಸು, ನನ್ನಿಂದ ಮುಚ್ಚಿಟ್ಟಿರಿ, ನೀವೂ ಒಂದು ಮನುಷ್ಯರೇ ಎಂದೆಲ್ಲ. ಎದುರು ಮನೆಯವರು ಹೊರಗೆ ಬಂದರು. ಅತ್ತೆ ಒಳಗಿನಿಂದ ಬಂದು ಬಾಗಿಲು ಮುಂದೆ ಮಾಡಿದರು. "ಹೆಸರು ನೋಡಿದ್ರ ಸಮಾಧಾನ. ಮನಿಗೆ ಮಾರಿ, ಊರಿಗೆ ಉಪಕಾರಿ. ಸಾವಕಾಶ ಮಾತಾಡ್ರಿ, ಬಸರಿ ಹೆಂಗಸು ಐತಿ."

ಕಾಂಚನಾ ಅಳಲಿಲ್ಲ. ಗೋಡೆಗೆ ಆತು ಕುಳಿತಳು.

"ಕ್ಯಾಂಪಿಗೆ ಹೊಂಟ ದಿನ ಮುಂಜಾನೆ ಗೊತ್ತಾಗಿತ್ರಿ. ಆ ಗದ್ದಲದಾಗ ಬ್ಯಾಡ, ಮನಿಗೆ ಬಂದ ಮ್ಯಾಲೆ ಹೇಳೂಣು ಅಂತ ಅಂದ್ಕೊಂಡಿದ್ದೆ. ನೀವು ಎದ್ದು ನಿಂತ್ರಿ."

"ಆಮ್ಯಾಲರ ಹೇಳಬೇಕಿತ್ತಲ್ಲಾ!"

"ನಿಮ್ಮ ಬಾಯಿಗೆ ಕೊಟ್ಟಿದ್ರ ಬರೂ ರವಿವಾರದೊಳಗ ಊರಿಗೆಲ್ಲಾ ಖಬರ ಆಗತಿತ್ತು. ಸಾರವ್ವ ಎದ್ದು ಸ್ತೋತ್ರ ಹೇಳತಿದ್ಲು. ಇದೂ ಹೋಗಿದ್ರ? ಆವಾಗ ನಿಮಗ ಇನ್ನೊಂದ ಸಾಕ್ಷಿ ಸಿಗತಿತ್ತು. ನನಗ ಏನ್ ಸಿಗತಿತ್ತು?"

ಅಲ್ಲೇ ನೆಲಕ್ಕೆ ಕುಳಿತೆ.

ಎದ್ದು ಬರುವಾಗ ಹೇಳಿದಳು. "ಕೂಸು ಹುಟ್ಟಿ ಅಳೂತನಾ ಒಬ್ರಿಗೂ ಹೇಳಂಗಿಲ್ಲ. ಸಭಾಪಾಲಕರಿಗೂ ಇಲ್ಲ. ಹೇಳಿದ್ರ ನನಗ ಗೊತ್ತಾಗೇ ಆಗತೈತಿ. ಆಮ್ಯಾಲೆ ಈ ಬಾಗಲಾ ನಿಮಗ ತಗಿಯಂಗಿಲ್ಲ ನಾನು."

ಆತು ಎಂದೆ. ಹಲ್ಲು ಕಚ್ಚಿಕೊಂಡೇ ಎಂದೆ.

ನಾನು ಅಪ್ಪ ಆಗುತ್ತಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ನೂರು ಜನ ಇದ್ದಾರೆ.

ಏಪ್ರಿಲ್ 28, ರವಿವಾರ. ಮಧ್ಯಾಹ್ನ 2

ಊಟ ಬೇಡ. ಇವತ್ತು ಎರಡು ಜಗಳ.

ಮೊದಲನೆಯದು ಸಭಾಪಾಲಕರ ಕೋಣೆಯಲ್ಲಿ. ಮುಂದಿನ ತಿಂಗಳು ಸಭೆಯ ವಾರ್ಷಿಕೋತ್ಸವ. "ಆ ಕ್ಯಾಂಪಿನ ಸಾಕ್ಷಿ ಇನ್ನೊಮ್ಮೆ ಹೇಳಪಾ. ಹೊರಗಿನ ಜನಾನೂ ಬರ್ತಾರ."

"ಆಗೂದಿಲ್ರಿ."

"ಯಾಕ?"

"ಅದು ನಂದಲ್ರಿ."

ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹೆಂಡ್ತಿ ತವರಾಗ ಕುಂತು ಮೂರು ತಿಂಗಳಾತು. ಸಾಕ್ಷಿನೂ ಇಲ್ಲ ಅಂತಿ. ಮತ್ತ ಯೂಥಿಗೆ ಏನ ಹೇಳಾಂವ ನೀ? ಸ್ವಲ್ಪ ದಿನಾ ಸುಮ್ಮನ ಇರು. ಮಕ್ಕಳನ್ನ ಬ್ಯಾರೇವ್ರು ನೋಡ್ಕೋತಾರ." ಏಳು ವರ್ಷದ ಕೆಲಸ, ಒಂದು ಮಾತಿನಲ್ಲಿ ಮುಗಿಯಿತು. ಇಂಥಿಂಥ ಸಂಗತಿ ಎಂದು ಒಂದು ಮಾತು ಹೇಳಿದ್ದರೆ ಅವರೇ ಎದ್ದು ಅಪ್ಪಿಕೊಳ್ಳುತ್ತಿದ್ದರು. ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ.

ಎರಡನೆಯದು ಮೆಟ್ಟಿಲ ಮೇಲೆ. ಸಾರವ್ವ ಅಡ್ಡ ಬಂದಳು. ಸುತ್ತ ಏಳೆಂಟು ಹೆಂಗಸರು. "ತಮ್ಮಾ, ನಾವು ಇಷ್ಟು ಪ್ರಾರ್ಥನಾ ಮಾಡೇವಿ. ನಿನ್ನ ಹೆಂಡ್ತಿಗೆ ನಂಬಿಕಿ ಇಲ್ಲ, ಅದಕ್ಕ ಅಕಿ ಉಡಿ ತುಂಬವಲ್ದು."

ಮೈಯೆಲ್ಲ ಉರಿಯಿತು. ಉಡಿ ತುಂಬಿದ ಆ ಹಸಿರು ಸೀರೆ ಕಣ್ಣ ಮುಂದೆ ಬಂತು. ಒಂದೇ ಮಾತು ಸಾಕಿತ್ತು, ಅಷ್ಟೂ ಜನರ ಎದುರು ಇವಳ ಮುಖ ಸಪ್ಪಗಾಗುತ್ತಿತ್ತು. ಇಷ್ಟು ರುಚಿಯಾದ ಮಾತು ನನ್ನ ಬಾಯಿಗೆ ಎಂದೂ ಬಂದಿರಲಿಲ್ಲ. ನುಂಗಿದೆ.

"ಸಾರವ್ವಾರ, ಇನ್ನ ಮ್ಯಾಲೆ ನಮ್ಮ ಹೆಸರು ತಗೀಬ್ಯಾಡ್ರಿ. ದೇವರಿಗೆ ನಮ್ಮ ಮನಿ ಗೊತ್ತೈತಿ."

"ಇಷ್ಟು ಸೊಕ್ಕು!" ಎಂದಳು.

"ಹೌದ್ರಿ" ಎಂದೆ.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಮುಚ್ಚಿಕೊಂಡರೆ ಎಷ್ಟು ಸಂಕಟ ಎಂದು ಯಾರೂ ಹೇಳಿಲ್ಲ. ಕಾಂಚನಾ ಮೂರು ತಿಂಗಳು ಮುಚ್ಚಿಕೊಂಡಿದ್ದಳು.

ಮೇ 18, ಶನಿವಾರ. ಮಧ್ಯಾಹ್ನ 4, ಮುಂಡರಗಿ

ಕರೆಂಟ್ ಇಲ್ಲ. ಆ ಜಗಳದ ನಂತರ ನಾನು ಬಿಡದೆ ಬರುತ್ತಿರುವ ನಾಲ್ಕನೇ ಶನಿವಾರ ಇದು. ಅತ್ತೆ ಈಗ ಚಹಾ ಜೊತೆ ಚುರುಮುರಿಯನ್ನೂ ಕೊಡುತ್ತಾರೆ.

ವಾರ್ಷಿಕೋತ್ಸವ ಮುಗಿಯಿತಂತೆ. ಯಾರೋ ಹೊಸ ಹುಡುಗ ಸಾಕ್ಷಿ ಹೇಳಿದನಂತೆ, ಜನ ಅತ್ತರಂತೆ. ವಿಡಿಯೋ ಬಂದಿದೆ. ನೋಡಲಿಲ್ಲ, ಡಿಲೀಟ್ ಮಾಡಿದೆ. ಸಿಟ್ಟು ಹೋಗಿಲ್ಲ. ಸಭಾಪಾಲಕರ ಮೇಲೆ ಇದೆ, ಸಾರವ್ವನ ಮೇಲೆ ಇದೆ, ದೇವರ ಮೇಲೂ ಇದೆ, ಆದರೆ ಅವನಿಗೆ ಈಗ ನೇರವಾಗಿ ಹೇಳುತ್ತೇನೆ. ಬೆಳಿಗ್ಗೆ ಬಸ್ಸಿನಲ್ಲಿ ಹೇಳಿದೆ— ಇದನ್ನೂ ಒಯ್ದರೆ ನೋಡು.

ಕಾಂಚನಾ ಎದುರಿಗೆ ಚಾಪೆಯ ಮೇಲೆ ಒರಗಿದ್ದಾಳೆ. ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಕಣ್ಣು ತೆರೆದೇ ಇದೆ.

"ಏನ್ ಬರಿಯಾಕತ್ತೀರಿ?"

"ದಿನಚರಿ."

"ನಾ ಅದೀನೇನು ಅದರಾಗ?"

"ಅದಿ."

"ಎಲ್ಲಾ ಬರದೀರಿ?"

"ಎಲ್ಲಾ."

ಸಿಟ್ಟಾಗುತ್ತಾಳೆ ಎಂದುಕೊಂಡೆ. ಆದರೆ ಥಟ್ಟನೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಜಲ್ದಿ ಬರ್ರಿ ಇಲ್ಲೆ. ಒದಿಯಾಕತ್ತೈತಿ. ಪೆನ್ನು ಕೆಳಗ ಇಡ್ರಿ ಮದ್ಲ" ಎಂದಳು.

ಇಟ್ಟೆ. ಹೋದೆ. ನನ್ನ ಕೈ ಹಿಡಿದು ಬಲಗಡೆ, ಪಕ್ಕೆಯ ಸ್ವಲ್ಪ ಕೆಳಗೆ ಒತ್ತಿ ಹಿಡಿದಳು. ಈಗ ಬಂದು ಮತ್ತೆ ಕುಳಿತಿದ್ದೇನೆ. ಅವಳು ನನ್ನನ್ನೇ ನೋಡುತ್ತಿದ್ದಾಳೆ. ಅದು ಹೇಗಿತ್ತೆಂದರೆ— ಬೇಡ. ಪೆನ್ನು ಕೆಳಗಿಡುತ್ತೇನೆ.