ಒಂಟಿ ಜನರ ಮಾರುಕಟ್ಟೆ

ಮಾರ್ಚ್ 11

ಬೆಳಿಗ್ಗೆ ಮತ್ತೆ ಮೀಟಿಂಗ್. ನಮ್ಮ ಬಾಸ್ ಏಕಾಂತಯ್ಯನವರ ಮಂತ್ರ ಅದೇ— “ಊರಲ್ಲಿ ಒಂಟಿಯಾಗಿರೋರು ಜಾಸ್ತಿಯಾಗ್ತಿದಾರೆ, ಅದು ಟ್ರೆಂಡು. ಕೇಸಿರೋ ಮನೆ ಅರ್ಧ ರೇಟಿಗೆ ಸಿಗತ್ತೆ, ಅದು ಅವಕಾಶ.” ಹಳೇ ಮನೆ ಕೊಂಡು, ವ್ಯಾಜ್ಯ ಬಗೆಹರಿಸಿ, ಒಬ್ಬೊಬ್ಬರೇ ಇರುವಂಥ ಪುಟ್ಟ ಫ್ಲ್ಯಾಟ್ ಕಟ್ಟುವುದು. ಹೂಡಿಕೆದಾರರಿಗೆ ವರದಿ ಬರೆಯುವುದು ನನ್ನ ಕೆಲಸ. ಒಂಟಿ ಜನರ ಬಗ್ಗೆ ಬರೆಯಲು ನನಗಿಂತ ಒಳ್ಳೆಯ ತಜ್ಞೆ ಈ ಚಾಮರಾಜಪೇಟೆಯಲ್ಲಿ ಸಿಗಲಿಕ್ಕಿಲ್ಲ, ಬಿಡು.

ಗವಿಪುರದ ಮನೆಯ ಮೇಲೆ ಅಕ್ಕ-ತಮ್ಮನ ಕೇಸು. ಅಕ್ಕ ಗೋದಮ್ಮ ಮಾರಲು ಸಿದ್ಧ. ತಮ್ಮ ಅಭಿರಾಮ, ಧಾರವಾಡದಲ್ಲಿ ಕಾಲೇಜು ಮೇಷ್ಟ್ರು, ಸುತರಾಂ ಒಪ್ಪುತ್ತಿಲ್ಲ. ಕೋರ್ಟ್ ಡೇಟಿಗೆ ಬಂದಾಗಲೆಲ್ಲ ಅವರನ್ನು ಒಪ್ಪಿಸುವ ಹೊಣೆ ನನ್ನ ತಲೆಗೆ. ಇವತ್ತೂ ಬಂದಿದ್ದರು. ಜಡ್ಜ್ ಮುಂದಿನ ಡೇಟ್ ಕೊಟ್ಟರು. ಖುಷಿಯಾಯಿತು... ನನಗೇಕೆ ಖುಷಿ?

ಏಪ್ರಿಲ್ 22, ಸಂಜೆ

ಕೋರ್ಟಿನಿಂದ ಗಾಂಧಿ ಬಜಾರಿಗೆ, ಕಾಫಿಗೆ. ರಸ್ತೆ ದಾಟುವಾಗ ಅಭಿರಾಮ ನನ್ನ ಚೀಲದ ಪಟ್ಟಿ ಹಿಡಿದುಕೊಂಡರು. “ನಾವಿದ್ದಾಗ ಇಷ್ಟೊಂದು ಗಾಡಿ ಇರ್ಲಿಲ್ಲ ರೀ.” ಆ ಕಡೆ ತಲುಪಿದ ಮೇಲೂ ಬಿಡಲಿಲ್ಲ. ನಾನೂ ಬಿಡಿ ಅನ್ನಲಿಲ್ಲ.

ಮಾರಾಟದ ಸಹಿಯ ವಿಷಯ ನಾನು ಎತ್ತಲೇ ಇಲ್ಲ. ಏಕಾಂತಯ್ಯನವರಿಗೆ ಮಾತ್ರ “ಸರ್, ಇನ್ನೂ ಒಪ್ತಿಲ್ಲ” ಎಂದೆ. ಒಪ್ಪಿದರೆ ಕೇಸು ಮುಗಿಯುತ್ತದೆ. ಮುಗಿದರೆ ಈ ಮನುಷ್ಯ ಬೆಂಗಳೂರಿಗೆ ಯಾಕೆ ಬರುತ್ತಾರೆ?

ಜೂನ್ 3

ಕೋರ್ಟಿನ ಬೇಸಿಗೆ ರಜೆ ಮುಗಿಯಿತು. ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಅವರನ್ನು ನೋಡಬೇಕು ಅನ್ನಿಸುತ್ತಿದೆ. ಅಷ್ಟೇ.

ಜೂನ್ 17

ಕಾಫಿ ಕುಡಿಯುತ್ತಾ ಅಭಿರಾಮ ಅವರೇ ಕೇಳಿಬಿಟ್ಟರು.

“ಅಕ್ಕನಿಗೆ ಮಂಡಿ ಆಪರೇಷನ್ ಆಗ್ಬೇಕಂತೆ, ದುಡ್ಡು ಬೇಕು. ನನ್ನ ಹಠಕ್ಕೆ ಅವಳ್ಯಾಕೆ ಕುಂಟ್ಬೇಕು? ಸೈನ್ ಹಾಕ್ಲಾ? ನೀವು ಹೇಳಿ.”

ಬೇಡ ಅನ್ನುವ ಮಾತು ಬಾಯಿತನಕ ಬಂದಿತ್ತು. ಗೋಡೆ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವ ಗೋದಮ್ಮ ನೆನಪಾದರು.

“ಹಾಕಿ,” ಎಂದೆ.

“ಅಷ್ಟೇನಾ?”

“ಅಷ್ಟೇ.”

ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಜುಲೈ 11

ರಾಜಿಯಾಯಿತು. ರಿಜಿಸ್ಟ್ರೇಷನ್ನೂ ಮುಗಿಯಿತು. ಹೊರಗೆ ಬಂದು ಅಭಿರಾಮ ನಿಂತರು.

“ಇನ್ನು ಈ ಊರಿಗೆ ಬರೋಕೆ ಕಾರಣ ಇಲ್ಲ ನೋಡಿ.”

ನನ್ನನ್ನೇ ನೋಡುತ್ತಿದ್ದರು. ನಾನೋ— ಮೆಜೆಸ್ಟಿಕ್‌ಗೆ ಯಾವ ಬಸ್ಸು, ಮೆಟ್ರೋ ಆದರೆ ಎಲ್ಲಿ ಹತ್ತಬೇಕು ಎಂದು ಒದರಿದೆ. ನನ್ನ ಬಾಯಿಗೆ ಮಣ್ಣು ಹಾಕ. ಥ್ಯಾಂಕ್ಸ್ ಹೇಳಿ ಹೋದರು.

ಆಗಸ್ಟ್ 5, ಸಂಜೆ

ಮಧ್ಯಾಹ್ನ ಏಕಾಂತಯ್ಯನವರು ಭಾರೀ ಖುಷಿಯಲ್ಲಿದ್ದರು.

“ಯಶಶ್ರೀ, ಗವಿಪುರದಲ್ಲಿ ಒಂದು ಫ್ಲ್ಯಾಟ್ ನಿಮಗೇ ಇಟ್ಟಿದೀನಿ. ಸ್ಟಾಫ್ ರೇಟು. ಒಬ್ಬರಿಗೆ ಕರೆಕ್ಟಾಗಿರತ್ತೆ.”

ಪ್ಲ್ಯಾನ್ ತೋರಿಸಿದರು. ಮಂಚ, ಕಿಟಕಿ ಪಕ್ಕ ಒಂದು ಕುರ್ಚಿ. ಎರಡನೇ ಕುರ್ಚಿಗೆ ಜಾಗವೇ ಇಲ್ಲ. ನನ್ನದೇ ವರದಿ ಓದಿ ಬರೆದ ಪ್ಲ್ಯಾನು.

“ಬೇಡ ಸರ್,” ಎಂದು ಹೊರಗೆ ಬಂದೆ. ಧಾರವಾಡಕ್ಕೆ ಫೋನ್ ಮಾಡಿದೆ. ಕ್ಲಾಸಿನಲ್ಲಿದ್ದರೇನೋ, ಎತ್ತಲಿಲ್ಲ. ಧೈರ್ಯ ಆರುವ ಮೊದಲೇ ಮೆಸೇಜ್ ಹಾಕಿದೆ— “ಕೇಸಿಲ್ಲ, ಕಾಗದ ಇಲ್ಲ. ನಿಮ್ಮನ್ನ ನೋಡ್ಬೇಕು ಅನ್ನಿಸ್ತಿದೆ. ಬನ್ನಿ.”

ಓದಿದ್ದಾರೆ. ನೀಲಿ ಗುರುತು ಬಂದಿದೆ. ಉತ್ತರವಿಲ್ಲ. ಅನ್ನಕ್ಕೆ ಇಟ್ಟಿಲ್ಲ, ದೀಪ ಹಚ್ಚಿಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ನನಗೆ... ಬೇಕಿತ್ತು.

ಫೋನ್ ಗುಂಯ್ ಎಂದಿತು. ಏಕಾಂತಯ್ಯನವರು, ಫ್ಲ್ಯಾಟಿನ ಬಗ್ಗೆ ಯೋಚಿಸಿ ಎಂದು.

ಈಗ ಫೋನ್ ಮತ್ತೆ ಗುಂಯ್—