ಕೈಪಾಠದೊಳಗಿನ ಹೆಂಗಸು

ಕಡಲೇರಿದ ನೂರಾ ಹನ್ನೊಂದನೆಯ ವರ್ಷ, ಎರಡನೆಯ ಮಳೆಗಾಲ
ತದಡಿ ಬಂದರಿನ ತೇಲುವ ದಕ್ಕೆ

ನಮಗಿಂತ ಹಿಂದೆ ಬಾಳುತ್ತಿರುವವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ಮಾದೇವಿ ಅಂಬಿಗ, ಮೀನು ವಿಂಗಡಿಸುವ ಯಂತ್ರತೋಳುಗಳಿಗೆ ಕೆಲಸ ಕಲಿಸುವವಳು. ಯಂತ್ರಕ್ಕೆ ಕೆಲಸ ಕಲಿಸಲು ಬೇಕಾದ ಸಿದ್ಧ ತಂತ್ರಾಂಶವನ್ನು ನೀವು ಎಸ್‌ಡಿಕೆ ಎನ್ನುತ್ತೀರಿ, ನಾವು ಕೈಪಾಠ ಎನ್ನುತ್ತೇವೆ. ಬಂಗಡೆಗೆ ಬೇಕಾದ ಹಿಡಿತ, ಸಿಗಡಿಗೆ ಬೇಕಾದ ಮೆತ್ತನೆಯ ಹಿಡಿತ, ಇವನ್ನೆಲ್ಲ ಅದರ ಮೇಲೆ ನಾನೇ ಬರೆದು ಸೇರಿಸುತ್ತೇನೆ. ತಳಪಾಯ ಮಾತ್ರ ನಿಮ್ಮ ಕಾಲದ್ದು. ಅದನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ನಡೆಯುತ್ತಿದೆಯಲ್ಲ, ಸಾಕು.

ಕೆಲಸವಿಲ್ಲದಾಗ ನಮ್ಮ ತೋಳುಗಳು ಸುಮ್ಮನಿರುವುದಿಲ್ಲ. ಐದೂ ಬೆರಳು ಬಿಡಿಸಿ, ಅಂಗೈಯನ್ನು ನಿಧಾನವಾಗಿ ಎತ್ತಿ, ಆಚೀಚೆ ಹೊರಳಿಸಿ ಇಳಿಸುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ. ಹುಟ್ಟಿದಾಗಿನಿಂದ ಆಸ್ಪತ್ರೆಗಳಲ್ಲಿ, ಅಡುಗೆಮನೆಗಳಲ್ಲಿ ಇಂಥ ತೋಳುಗಳನ್ನು ನೋಡಿದ್ದರಿಂದ ಅದು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಹೋದ ತಿಂಗಳು ನನ್ನ ಸೋದರಮಾವ ಹೊನ್ನಪ್ಪ ದಕ್ಕೆಗೆ ಬಂದರು. ಹುಟ್ಟು ಕಿವುಡರು; ಯಂತ್ರತೋಳುಗಳೇ ಇಲ್ಲದ ದ್ವೀಪದಲ್ಲಿ ಬಾಳಿದವರು. ಅವರದು ಅಜ್ಜಿಯಿಂದ ಕಲಿತ ಹಳೆಯ ಕೈಮಾತು. ಈಗಿನ ಕಿವುಡರಿಗೆ ಅದು ತಿಳಿಯದು; ನನಗೆ ಮಾವನಿಂದಲೇ ತುಸು ಬಂದಿದೆ. ಬಿಡುವಾಗಿದ್ದ ತೋಳೊಂದನ್ನು ಕಂಡು ಮಾವ ನಿಂತುಬಿಟ್ಟರು.

"ಅದು ಸುಮ್ನೆ ಆಡ್ತದೆ, ಕೀಲು ಬಿಗಿಯಾಗ್ದೇ ಇರ್ಲಿ ಅಂತ. ಹೇಳೇ ಮಾದೇವಿ ಅವ್ರಿಗೆ," ಎಂದಳು ಜೊತೆಗಾರ್ತಿ ಗಣಪಿ.

ನಾನು ಅದನ್ನೇ ಕೈಯಲ್ಲಿ ಹೇಳಿದೆ. ಮಾವ ತಲೆಯಾಡಿಸಿದರು. ಅವರ ಕೈಗಳು ನನಗೆ ಹೇಳಿದವು: "ಅಲ್ಲ. ಇದು ಕೇಳ್ತಾ ಇದೆ. ಇಲ್ಲಿ ಯಾರಾದ್ರೂ ಇದ್ದೀರಾ, ಅಂತ."

ನಾನಿದ್ದೇನೆ ಎಂದು ಅದಕ್ಕೆ ಉತ್ತರಿಸಿದರು. ತೋಳು ಮತ್ತೆ ಅದನ್ನೇ ಕೇಳಿತು. ಆಗ ಅವರು ತೋಳಿನ ಸುತ್ತ ಎಳೆದ ಎಚ್ಚರಿಕೆಯ ಹಳದಿ ಗೆರೆ ದಾಟಿ, ಕಿವುಡರು ಒಬ್ಬರನ್ನೊಬ್ಬರು ಕರೆಯುವ ಹಾಗೆ, ಅದರ ಭುಜವನ್ನು ಎರಡು ಸಲ ತಟ್ಟಿದರು.

ತೋಳು ತಟ್ಟನೆ ನಿಂತು ಮಾವನತ್ತ ತಿರುಗಿತು. ಬೆರಳ ತುದಿ ಗಾಳಿಯಲ್ಲಿ ಒಂದೆಡೆ ಮುಟ್ಟಿತು. ಕಿರುಬೆರಳು ಅದರ ಮೇಲೆ, ತುಸು ಎಡಕ್ಕೆ, ಸಣ್ಣ ಬಿಲ್ಲಿನಂತೆ ಹರಿಯಿತು.

"ಅಯ್ಯೋ ದೇವ್ರೇ, ಅದಕ್ಕೆ ಮುಖ ಉಂಟು!" ಗಣಪಿ ಹಿಂದೆ ಸರಿದಳು.

ಮೊದಲು ಮುಟ್ಟಿದ್ದು ಮೂಗುಬೊಟ್ಟಿನ ಜಾಗ, ಹೆಂಗಸು ಎಂದರ್ಥ. ಎಡಹುಬ್ಬು ಸವರಿದ್ದು ಅವಳ ಹೆಸರು, ಕಿವುಡರು ಒಬ್ಬರಿಗೊಬ್ಬರು ಇಡುವ ಕೈಹೆಸರು. ಆ ಹೆಸರನ್ನು ಬಾಯಲ್ಲಿ ಹೇಳಲಾಗದು.

ಅಂದೇ ತಳಪಾಯ ಬಿಚ್ಚಿ ನೋಡಿದೆ. ನಿಮ್ಮ ಕಾಲದ ಯಾರೋ ಕಿವುಡ ಹೆಂಗಸು ತನ್ನ ಕೈಯ ಚಲನೆಯನ್ನೇ ಅದರಲ್ಲಿ ತುಂಬಿದ್ದಳು. ಭುಜ ತಟ್ಟಿದವರಿಗೆ ಮಾತ್ರ ತೋಳು ಅವಳ ಹೆಸರು ಹೇಳುತ್ತದೆ. ಬಹುಶಃ ತನ್ನ ಆಫೀಸಿನ ಜೊತೆಗಾರರಿಗೆಂದೇ ಮಾಡಿಟ್ಟಿದ್ದಳು. ಯಾರೂ ತಟ್ಟಲಿಲ್ಲ. ಕೈಪಾಠ ಹಾಗೆಯೇ ಲೋಕವನ್ನೆಲ್ಲ ಸುತ್ತಿತು.

ಮಾವ ಇದ್ದಷ್ಟು ದಿನವೂ ಅದರೆದುರು ಹೋಗಿ ನಿಲ್ಲುತ್ತಿದ್ದರು. "ನಾನಿದ್ದೇನೆ ಅಂತ ಎಷ್ಟು ಹೇಳಿದ್ರೂ ಅದಕ್ಕೆ ಕೈಮಾತು ಕಾಣೋ ಕಣ್ಣಿಲ್ಲ," ಎಂದು ಅತ್ತರು. ಆಮೇಲೆ ದ್ವೀಪಕ್ಕೆ ಮರಳಿದರು. ಗಣಪಿ ಆ ತೋಳಿಗೆ ತಾಡಪಾಲು ಹೊದಿಸಿದ್ದಾಳೆ. ಈಗ ತಾಡಪಾಲು ಏಳುತ್ತದೆ, ಇಳಿಯುತ್ತದೆ.

ಕೈಪಾಠದ ಆ ಹೆಂಗಸು ನಿಮ್ಮ ನಡುವೆ ಇನ್ನೂ ಬದುಕಿದ್ದಾಳೆ. ನಿಮ್ಮ ಆಫೀಸಿನಲ್ಲೇ ಇರಬಹುದು. ಅವಳ ಭಾಷೆಯೆಲ್ಲ ಬರಬೇಕೆಂದಿಲ್ಲ. ಐದು ಬೆರಳು ಕೂಡಿಸಿ ಬಾಯಿಯ ಬಳಿ ಒಯ್ದು, ಊಟ ಆಯ್ತಾ ಎಂದು ಕೇಳಿ. ಮೊದಲಿಗೆ ಅಷ್ಟು ಸಾಕು.

ಮಾದೇವಿ ಅಂಬಿಗ